ಪರವಾನಗಿಗೆ ಅಂಟಿಕೊಂಡ ಸ್ವಾತಂತ್ರ್ಯ

ನ್ಯೂಜೆರ್ಸಿಯ ವೈದ್ಯರಿಗೆ ಅನ್ವಯಿಸುವ ಕಾನೂನೊಂದಿದೆ. ಹದಿನಾರು ವರ್ಷ ತುಂಬಿದ ರೋಗಿಗೆ ಚಿಕಿತ್ಸೆಯ ನಂತರವೂ ಅಪಸ್ಮಾರದ ಸೆಳವು ಮರುಕಳಿಸುತ್ತಿದ್ದರೆ, ಪದೇ ಪದೇ ಪ್ರಜ್ಞೆ ತಪ್ಪುತ್ತಿದ್ದರೆ ಅಥವಾ ಕೈಕಾಲುಗಳ ಹಿಡಿತ ತಪ್ಪಿದ್ದರೆ, ಅದು ಖಚಿತವಾದ 24 ಗಂಟೆಗಳೊಳಗೆ ವೈದ್ಯರು ಮೋಟಾರು ವಾಹನ ಇಲಾಖೆಗೆ ವರದಿ ಮಾಡಬೇಕು. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಇಂಥ ಕಡ್ಡಾಯವಿಲ್ಲ. ರಸ್ತೆಯಲ್ಲಿರುವ ಇತರರ ಜೀವವನ್ನು ನೆನೆದರೆ ಈ ಕಾನೂನು ಸರಿಯೆಂದೇ ನನ್ನ ಅಭಿಪ್ರಾಯ. ಆದರೆ ಅದರ ಪರಿಣಾಮ ಎಲ್ಲ ಕಡೆಯೂ ಒಂದೇ ಅಲ್ಲ. ಕಾರು ಬಿಡಬೇಕಾಗಿ ಬಂದ ಮನುಷ್ಯ ಮ್ಯಾನ್‌ಹಟನ್ನಿನಲ್ಲಿದ್ದರೆ ಸಬ್‌ವೇ ಹತ್ತುತ್ತಾನೆ. ಪ್ಲೇನ್ಸ್‌ಬರೋದಲ್ಲಿದ್ದರೆ ಮನೆಯೊಳಗೆ ಉಳಿಯುತ್ತಾನೆ. ರೋಗ ಒಂದೇ, ಊರಿನ ರಚನೆ ಬೇರೆ.

ಉಪನಗರದ ಬದುಕಿನ ಬಗ್ಗೆ ನಮ್ಮವರಲ್ಲಿ ಚರ್ಚೆ ನಡೆದಾಗಲೆಲ್ಲ ‘ವ್ಯಕ್ತಿಸ್ವಾತಂತ್ರ್ಯ’ದ ಮಾತು ಕಾರಿನ ಪರವಾಗಿಯೇ ಬರುತ್ತದೆ. ಬಸ್ಸಿನ ವೇಳಾಪಟ್ಟಿಗೆ ಕಾಯಬೇಕಿಲ್ಲ, ಯಾರ ಹಂಗೂ ಇಲ್ಲ, ಬೇಕೆಂದಾಗ ಬೇಕಾದಲ್ಲಿಗೆ ಹೋಗಬಹುದು. ಇದು ದುರ್ಬಲ ವಾದವಲ್ಲ. ಮದುವೆಯಾಗಿ ಇಲ್ಲಿಗೆ ಬಂದು, ಉದ್ಯೋಗದ ಅನುಮತಿಯೂ ಇಲ್ಲದೆ ದಿನವಿಡೀ ಅಪಾರ್ಟ್‌ಮೆಂಟಿನಲ್ಲಿ ಕುಳಿತಿದ್ದ ಎಷ್ಟೋ ಹೆಣ್ಣುಮಕ್ಕಳಿಗೆ ಚಾಲನಾ ಪರವಾನಗಿ ಸಿಕ್ಕ ದಿನ ನಿಜವಾದ ಬಿಡುಗಡೆಯ ದಿನವಾಗಿತ್ತು. ನಾನು ಕೇಳಬಯಸುವುದು ಇಷ್ಟೇ: ಈ ಸ್ವಾತಂತ್ರ್ಯ ಆಯುಸ್ಸಿನ ಎಷ್ಟು ಪಾಲಿಗೆ ಅನ್ವಯಿಸುತ್ತದೆ? ನ್ಯೂಜೆರ್ಸಿಯಲ್ಲಿ ಹದಿನೇಳು ತುಂಬುವವರೆಗೆ ಒಬ್ಬರೇ ಕಾರು ಓಡಿಸುವಂತಿಲ್ಲ. ಇನ್ನೊಂದು ತುದಿಯಲ್ಲಿ ಗ್ಲಾಕೋಮಾ, ಪಾರ್ಕಿನ್ಸನ್ಸ್, ಪಾರ್ಶ್ವವಾಯು, ಮರೆವಿನ ಕಾಯಿಲೆಗಳು ಕಾದಿರುತ್ತವೆ. ಕಣ್ಣು, ಕೈ, ನರಗಳು ಒಟ್ಟಾಗಿ ಕೆಲಸ ಮಾಡುವ ನಡುವಿನ ವರ್ಷಗಳಿಗೆ ಮಾತ್ರ ಸಲ್ಲುವ ಸ್ವಾತಂತ್ರ್ಯವನ್ನು ನಾವು ಜೀವಮಾನದ್ದೆಂದು ಭಾವಿಸಿದ್ದೇವೆ.

ಪ್ಲೇನ್ಸ್‌ಬರೋ ಇದಕ್ಕೆ ಒಳ್ಳೆಯ ನಿದರ್ಶನ. 1930ರಲ್ಲಿ ವಾಕರ್-ಗಾರ್ಡನ್ ಡೈರಿಯವರು ತಿರುಗುವ ವೇದಿಕೆಯ ಮೇಲೆ 50 ಹಸುಗಳನ್ನು ನಿಲ್ಲಿಸಿ ಹಾಲು ಕರೆಯುವ ಯಂತ್ರವನ್ನು ಹೂಡಿದ್ದು ಇಲ್ಲಿಯೇ. ಊರೆಲ್ಲ ಹೊಲ, ಹುಲ್ಲುಗಾವಲು. 1970ರ ದಶಕದಿಂದ ಫಾಕ್ಸ್ ರನ್, ಹಂಟರ್ಸ್ ಗ್ಲೆನ್‌ನಂಥ ದೊಡ್ಡ ಅಪಾರ್ಟ್‌ಮೆಂಟ್ ಸಮುಚ್ಚಯಗಳೆದ್ದವು. ಭಾರತದಿಂದ ಹೊಸದಾಗಿ ಬಂದ ಎಷ್ಟೋ ಕುಟುಂಬಗಳ ಮೊದಲ ಬಿಡಾರ ಇವೇ. 2020ರ ಜನಗಣತಿಯಲ್ಲಿ ಜನಸಂಖ್ಯೆ ಸುಮಾರು 24,000. ಅಂದರೆ ಇದು ಮನೆಗೊಂದು ಎಕರೆಯ ವಿರಳ ಊರಲ್ಲ. ಜನ ಒತ್ತೊತ್ತಾಗಿಯೇ ಇದ್ದಾರೆ. ಆದರೆ ಮನೆಗಳು ಒಂದೆಡೆ, ಅಂಗಡಿಗಳು ಇನ್ನೊಂದೆಡೆ, ಕಚೇರಿಗಳು ರೂಟ್ 1ರ ಬದಿಯಲ್ಲಿ, ನಡುವೆ ಅಗಲವಾದ ರಸ್ತೆಗಳು. ದೇಶದಲ್ಲೇ ಅತಿ ಹೆಚ್ಚು ಪ್ರಯಾಣಿಕರಿರುವ ರೈಲುಮಾರ್ಗ ಊರನ್ನು ಹಾದುಹೋಗುತ್ತದೆ, ಇಲ್ಲಿ ನಿಲ್ಲುವುದಿಲ್ಲ. ರೈಲು ಹತ್ತಲು ಪಕ್ಕದ ವೆಸ್ಟ್ ವಿಂಡ್ಸರಿನಲ್ಲಿರುವ ಪ್ರಿನ್ಸ್‌ಟನ್ ಜಂಕ್ಷನ್ನಿಗೆ ಹೋಗಬೇಕು. ಹೆಚ್ಚಿನವರು ಅಲ್ಲಿಗೂ ಕಾರಿನಲ್ಲೇ ಹೋಗುತ್ತಾರೆ. ‘ಹೌಸ್’ ಧಾರಾವಾಹಿಯ ಕಲ್ಪಿತ ಪ್ರಿನ್ಸ್‌ಟನ್-ಪ್ಲೇನ್ಸ್‌ಬರೋ ಆಸ್ಪತ್ರೆಯನ್ನು ನೋಡಿದವರಿಗೆ ಒಂದು ತಮಾಷೆ: ಆ ಧಾರಾವಾಹಿ ಮುಗಿದ 2012ರ ಮೇ ತಿಂಗಳಲ್ಲೇ ಪ್ರಿನ್ಸ್‌ಟನ್ನಿನ ನಿಜವಾದ ಆಸ್ಪತ್ರೆ ವಿದರ್‌ಸ್ಪೂನ್ ಬೀದಿಯನ್ನು ಬಿಟ್ಟು ಪ್ಲೇನ್ಸ್‌ಬರೋಗೆ ಬಂತು. ಹಳೆಯದು ಸುತ್ತಮುತ್ತಲಿನವರು ನಡೆದೇ ಹೋಗಬಹುದಾಗಿದ್ದ ಬೀದಿಯಲ್ಲಿತ್ತು. ಹೊಸದು ಹೆದ್ದಾರಿಯ ಬದಿಯಲ್ಲಿದೆ.

ಜನರು ಬಯಸಿದ್ದರಿಂದಲೇ ಊರು ಹೀಗಾಯಿತು ಎಂಬುದು ಅರ್ಧ ಸತ್ಯ. ಬಯಕೆಗೆ ಕಾನೂನು ಮತ್ತು ಸರಕಾರಿ ಹಣದ ಬೆಂಬಲವಿತ್ತು. ಮನೆ, ಅಂಗಡಿ, ಕಾರ್ಖಾನೆಗಳನ್ನು ಬೇರೆ ಬೇರೆ ವಲಯಗಳಿಗೆ ಕಟ್ಟಿಹಾಕುವ ಜೋನಿಂಗ್ ಅಧಿಕಾರವನ್ನು ಸುಪ್ರೀಂ ಕೋರ್ಟು 1926ರ ಯೂಕ್ಲಿಡ್ ಪ್ರಕರಣದಲ್ಲಿ ಎತ್ತಿಹಿಡಿಯಿತು. 1934ರಲ್ಲಿ ಹುಟ್ಟಿದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಶನ್ನಿನ ಸಾಲದ ವಿಮೆ ಹೊರವಲಯದ ಹೊಸ ಒಂಟಿ ಮನೆಗಳತ್ತ ವಾಲಿತು. 1956ರ ಹೆದ್ದಾರಿ ಕಾಯಿದೆಯಡಿ ಅಂತರರಾಜ್ಯ ಹೆದ್ದಾರಿಗಳ ವೆಚ್ಚದ ಶೇ. 90ನ್ನು ಕೇಂದ್ರ ಸರಕಾರವೇ ಹೊತ್ತಿತು. ಜೋನಿಂಗನ್ನು ಬಡವರನ್ನು ದೂರವಿಡುವ ಬೇಲಿಯಾಗಿ ಬಳಸಬಾರದೆಂದು ನಮ್ಮ ರಾಜ್ಯದ ಸರ್ವೋಚ್ಚ ನ್ಯಾಯಾಲಯ 1975ರ ಮೌಂಟ್ ಲಾರೆಲ್ ತೀರ್ಪಿನಲ್ಲಿ ಹೇಳಬೇಕಾಯಿತು. ಹಾಗಿರುವಾಗ ಬಸ್ಸಿಗೆ ಕೊಡುವ ಹಣ ಮಾತ್ರ ಸಬ್ಸಿಡಿ, ಕಾರು ಮಾತ್ರ ಸ್ವಾವಲಂಬನೆ ಎನ್ನುವುದು ನನಗೆ ಒಪ್ಪಿಗೆಯಾಗುವುದಿಲ್ಲ.

ಇದರ ಬೆಲೆಯನ್ನು ನಮ್ಮ ಸಮುದಾಯದಲ್ಲಿ ಮೊದಲು ತೆರುವವರು ಊರಿನಿಂದ ಬಂದ ತಂದೆತಾಯಿಗಳು. “ಎಲ್ಲಾ ಚೆನ್ನಾಗಿದೆ ಡಾಕ್ಟ್ರೇ, ಆದ್ರೆ ಮೈಸೂರಲ್ಲಿ ತರಕಾರಿ ನಾನೇ ತರ್ತಿದ್ದೆ” ಎಂಬ ಧಾಟಿಯ ಮಾತನ್ನು ಎಷ್ಟು ಬಾರಿ ಕೇಳಿದ್ದೇನೋ. ಕರ್ನಾಟಕದಲ್ಲಿ 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಮಹಿಳೆಯರು ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಉಚಿತವಾಗಿ ರಾಜ್ಯದೊಳಗೆ ಎಲ್ಲಿಗಾದರೂ ಹೋಗಬಹುದು. ಒಬ್ಬರೇ ಧರ್ಮಸ್ಥಳಕ್ಕೆ ಹೋಗಿಬರುತ್ತಿದ್ದ ತಾಯಿ ಇಲ್ಲಿ ಹಾಲಿಗೂ ಮಗಳ ಶನಿವಾರಕ್ಕಾಗಿ ಕಾಯುತ್ತಾರೆ. ಹಾಗೆಂದು ಬೆಂಗಳೂರನ್ನು ಆದರ್ಶವಾಗಿ ತೋರಿಸುವಂತೆಯೂ ಇಲ್ಲ: ಅಲ್ಲಿ ಬಸ್ಸಿದೆ, ಬಸ್ ನಿಲ್ದಾಣದವರೆಗೆ ನಡೆಯಲು ಫುಟ್‌ಪಾತ್ ಇಲ್ಲ.

ನಡಿಗೆಯನ್ನು ನಾನು ಔಷಧದಂತೆ ಬರೆದುಕೊಡುತ್ತೇನೆ. ಮಧುಮೇಹ, ರಕ್ತದೊತ್ತಡ ನಮ್ಮವರಿಗೆ ಅಪರೂಪವೇನಲ್ಲ. ಆದರೆ ಇಲ್ಲಿ ನಡಿಗೆ ದಿನಚರಿಯ ಭಾಗವಲ್ಲ, ಪ್ರತ್ಯೇಕ ಕಾರ್ಯಕ್ರಮ. ಪ್ಲೇನ್ಸ್‌ಬರೋ ಪ್ರಿಸರ್ವ್‌ನ ಕೆರೆಯ ಬಳಿ ನಡೆಯಲು ಜನ ಕಾರಿನಲ್ಲಿ ಬರುತ್ತಾರೆ. ಕಾರು ಬಿಟ್ಟ ದಿನ ಈ ನಡಿಗೆಯೂ ನಿಲ್ಲುತ್ತದೆ, ಸ್ನೇಹಿತರ ಭೇಟಿಯೂ ನಿಲ್ಲುತ್ತದೆ. ಊರಿಗೆ ಒಂದು ನಡುವಣ ಬೀದಿಯಿರಲೆಂದು ಗ್ರಂಥಾಲಯದ ಸುತ್ತ ಅಂಗಡಿ, ಮನೆಗಳನ್ನು ಸೇರಿಸಿ ಕಟ್ಟಿದ ವಿಲೇಜ್ ಸೆಂಟರ್ ಇದೆ. ಅಲ್ಲಿ ಕೋಲೂರಿಕೊಂಡು ಪುಸ್ತಕ ಹಿಂತಿರುಗಿಸಲು ಹೋಗುವುದು ಸಾಧ್ಯ. ಇಂಥದ್ದು ಇನ್ನೂ ನಾಲ್ಕು ಕಡೆ ಏಕೆ ಇಲ್ಲವೆಂಬುದು ನನ್ನ ತಕರಾರು.

ಮನೆ ಕೊಳ್ಳುವವರು ಶಾಲೆಯ ಅಂಕ ನೋಡುವಷ್ಟೇ ಕಾಳಜಿಯಿಂದ ತಿಳಿಯಬೇಕಾದ ಅಂಶ ಇನ್ನೊಂದಿದೆ. ಅಂಗವೈಕಲ್ಯದಿಂದ ಬಸ್ ಹತ್ತಲಾರದವರಿಗೆ 1990ರ ಅಮೆರಿಕನ್ಸ್ ವಿತ್ ಡಿಸಬಿಲಿಟೀಸ್ ಕಾಯಿದೆಯಡಿ ವಿಶೇಷ ವಾಹನ ಸೇವೆ ಸಿಗುತ್ತದೆ. ನಮ್ಮ ರಾಜ್ಯದಲ್ಲಿ ಅದರ ಹೆಸರು ‘ಆ್ಯಕ್ಸೆಸ್ ಲಿಂಕ್’. ಕಾಯಿದೆ ಈ ಸೇವೆಯನ್ನು ಬಸ್ ಮಾರ್ಗದ ಎರಡೂ ಬದಿಗೆ ಮುಕ್ಕಾಲು ಮೈಲಿಯಷ್ಟು, ಅಂದರೆ ಸುಮಾರು 1.2 ಕಿಲೋಮೀಟರು ದೂರದವರೆಗೆ ಮಾತ್ರ ಕಡ್ಡಾಯಗೊಳಿಸುತ್ತದೆ, ಅದೂ ಆ ಬಸ್ಸು ಓಡುವ ಹೊತ್ತಿನಲ್ಲಿ. ಬಸ್ಸನ್ನು ಎಂದೂ ಹತ್ತದವರೂ ಬಸ್ ಮಾರ್ಗವನ್ನು ಉಳಿಸಿಕೊಳ್ಳಲು ದನಿಯೆತ್ತಬೇಕಾದದ್ದು ಈ ಕಾರಣಕ್ಕೆ. ಮಾರ್ಗ ರದ್ದಾದರೆ ಗಾಲಿಕುರ್ಚಿಯವರ ವ್ಯಾನಿನ ಹಕ್ಕೂ ಅದರೊಡನೆ ಹೋಗಬಹುದು. ಹೊಸ ಬಡಾವಣೆಯಲ್ಲಿ ಫುಟ್‌ಪಾತ್ ಇರಬೇಕೆ, ಅಂಗಡಿಗೆ ಎಷ್ಟು ಪಾರ್ಕಿಂಗ್ ಬೇಕು ಎಂಬುದನ್ನು ಚರ್ಚಿಸುವುದು ಟೌನ್‌ಶಿಪ್ಪಿನ ಪ್ಲಾನಿಂಗ್ ಬೋರ್ಡ್. ಅದರ ಸಭೆಗಳಿಗೆ ಯಾರು ಬೇಕಾದರೂ ಹೋಗಬಹುದು, ಯೋಜನೆಯ ಬಹಿರಂಗ ವಿಚಾರಣೆಯಲ್ಲಿ ಮಾತಾಡಬಹುದು. ಪೌರತ್ವದ ಕಾಗದ ಯಾರೂ ಕೇಳುವುದಿಲ್ಲ.