ನಲ್ಲೂರಿನ ಹುಣಸೆ ತೋಪಿನಲ್ಲಿ ಚೌಕಟ್ಟಿನ ಪಾಠ

ದೇವನಹಳ್ಳಿ ತಾಲ್ಲೂಕಿನ ನಲ್ಲೂರಿಗೆ ಮೊದಲ ಸಲ ಕ್ಯಾಮೆರಾ ಹಿಡಿದು ಹೋದವರು ಹೆಚ್ಚಾಗಿ ಒಂದೇ ಬಗೆಯ ಚಿತ್ರ ತರುತ್ತಾರೆ: ಒಂದಿಷ್ಟು ಕಾಂಡ, ಒಂದಿಷ್ಟು ಕೊಂಬೆ, ಎಲೆಗಳ ಸಂದಿಯಲ್ಲೆಲ್ಲ ಬೆಳ್ಳನೆಯ ತೇಪೆಗಳಾಗಿ ಆಕಾಶ. ಎದುರಿಗೆ ನಿಂತಾಗ ಮೈ ಜುಮ್ಮೆನಿಸಿದ ಮರ ಮೊಬೈಲಿನ ಪರದೆಯಲ್ಲಿ ಬರೀ ಗೋಜಲಾಗಿ ಕಾಣುತ್ತದೆ. ತಪ್ಪು ಕ್ಯಾಮೆರಾದ್ದಲ್ಲ. ಮನುಷ್ಯನ ಕಣ್ಣು ತನಗೆ ಬೇಕಾದ್ದನ್ನಷ್ಟೇ ಆಯ್ದು ನೋಡುತ್ತದೆ. ಕ್ಯಾಮೆರಾ ಎದುರಿಗಿದ್ದದ್ದನ್ನೆಲ್ಲ ಬಾಚಿಕೊಳ್ಳುತ್ತದೆ. ಆಯುವ ಕೆಲಸ ಹಾಗಾಗಿ ಹಿಡಿದವರ ಪಾಲಿಗೆ ಬರುತ್ತದೆ. ಸಂಯೋಜನೆ ಎಂಬ ಭಾರದ ಮಾತಿಗೆ ಅರ್ಥ ಮುಖ್ಯವಾಗಿ ಇದೇ: ಚೌಕಟ್ಟಿನಿಂದ ಏನನ್ನು ಹೊರಗಿಡಬೇಕು ಎಂಬ ತೀರ್ಮಾನ.

ಈ ಪಾಠಕ್ಕೆ ನಲ್ಲೂರಿನಂಥ ಜಾಗ ಸಿಗುವುದು ಕಷ್ಟ. ಸುಮಾರು 54 ಎಕರೆಯ ತೋಪು, ಹೆಚ್ಚುಕಡಿಮೆ 300 ಹುಣಸೆ ಮರಗಳು. 2002ರ ಜೀವವೈವಿಧ್ಯ ಕಾಯ್ದೆಯ ಅಡಿಯಲ್ಲಿ 2007ರಲ್ಲಿ ಇದು ದೇಶದ ಮೊತ್ತಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಣೆಯಾಯಿತು. ಚೋಳರ ಕಾಲದ ತೋಪು ಎನ್ನುವ ನಂಬಿಕೆಯಿದೆ. ಕೆಲವು ಮರಗಳಿಗೆ 400 ವರ್ಷ ದಾಟಿರಬಹುದೆಂಬ ಅಂದಾಜೂ ಇದೆ. ಹುಣಸೆಗೆ ಮುಪ್ಪಾದರೆ ಹುಳಿಗೆ ಮುಪ್ಪೇ ಎನ್ನುವ ಗಾದೆ ಇಲ್ಲಿ ಕಣ್ಣೆದುರೇ ನಿಂತಿದೆ. ತಿರುಳು ಕೊಳೆತು ಪೊಟರೆಯಾದ ಬುಡ, ಸೀಳಿಕೊಂಡು ಎರಡು ಮೂರು ಮರಗಳಂತೆ ತಿರುಚಿ ನಿಂತ ಕಾಂಡ, ಅದರ ಮೇಲೆಯೇ ಎಳೆ ಚಿಗುರು.

ಇಷ್ಟೆಲ್ಲ ಇರುವಲ್ಲಿ ಹೊಸಬರಿಗೆ ಆಸೆ ಹೆಚ್ಚು. ಇಡೀ ಮರ ಬೇಕು, ಪಕ್ಕದ್ದೂ ಬೇಕು, ಹಿಂದಿನ ಪಾಳು ಗುಡಿಯೂ ಇರಲಿ ಎನ್ನಿಸುತ್ತದೆ. ಕ್ಯಾಮೆರಾ ಎತ್ತುವ ಮೊದಲು ಮರವನ್ನು ಒಂದು ಸುತ್ತು ಹಾಕಿ ಬರುವುದು ಇದಕ್ಕೆ ಒಳ್ಳೆಯ ಮದ್ದು. ಒಂದು ಕಡೆಯಿಂದ ಹಿಂದಿನ ಮರಗಳಲ್ಲಿ ಕಲಸಿಹೋದ ಕಾಂಡ, ನಾಲ್ಕು ಹೆಜ್ಜೆ ಆಚೆ ಹೋದರೆ ಬಯಲಿನ ಮುಂದೆ ಒಂಟಿಯಾಗಿ ಬಿಡಿಸಿಕೊಂಡು ನಿಲ್ಲುತ್ತದೆ. ಕೂತು ನೋಡಿದರೆ ಅದೇ ಕಾಂಡ ಎತ್ತರವಾಗುತ್ತದೆ, ಬೇರುಗಳು ನೋಡುವವರ ಕಡೆಗೇ ಹರಿದು ಬಂದಂತೆ ಕಾಣುತ್ತವೆ. ಜೂಮ್ ಒತ್ತಿ ಹತ್ತಿರ ತರುವುದಕ್ಕೂ ನಡೆದು ಹತ್ತಿರ ಹೋಗುವುದಕ್ಕೂ ದೊಡ್ಡ ವ್ಯತ್ಯಾಸವಿದೆ. ಜೂಮ್ ಮಾಡಿದರೆ ಮುಂದಿನದೂ ಹಿಂದಿನದೂ ಒಟ್ಟಿಗೇ ದೊಡ್ಡದಾಗುತ್ತವೆ; ನಡೆದು ಹೋದರೆ ಮುಂದಿನದು ಹಿಗ್ಗಿ ಹಿಂದಿನದು ಸಣ್ಣದಾಗಿಯೇ ಉಳಿಯುತ್ತದೆ. ಚಿತ್ರಕ್ಕೆ ಆಳ ಬರುವುದು ಈ ಅಂತರದಿಂದ.

ಮೂರನೇ ಒಂದರ ನಿಯಮವನ್ನು ಎಲ್ಲ ಕಡೆಯೂ ಮೊದಲು ಹೇಳಿಕೊಡುತ್ತಾರೆ. ಚೌಕಟ್ಟನ್ನು ಎರಡು ಅಡ್ಡಗೆರೆ, ಎರಡು ಉದ್ದಗೆರೆಗಳಿಂದ ಒಂಬತ್ತು ಮನೆ ಮಾಡಿ, ಮುಖ್ಯವಾದದ್ದನ್ನು ಗೆರೆಗಳ ಮೇಲೋ ಅವು ಕೂಡುವಲ್ಲೋ ಇಡುವುದು. ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ ಗ್ರಿಡ್ ಆನ್ ಮಾಡಿದರೆ ಈ ಗೆರೆಗಳು ಮೂಡುತ್ತವೆ. ಕ್ಯಾಮೆರಾ ಹುಟ್ಟುವುದಕ್ಕೂ ಮೊದಲಿನ ನಿಯಮವಿದು. ಇಂಗ್ಲೆಂಡಿನ ಚಿತ್ರಕಾರ ಜಾನ್ ಥಾಮಸ್ ಸ್ಮಿತ್ 1797ರಲ್ಲಿ ಹಳ್ಳಿಗಾಡಿನ ದೃಶ್ಯಗಳ ಕುರಿತ ತನ್ನ ಪುಸ್ತಕದಲ್ಲಿ ಅದಕ್ಕೆ ಹೆಸರಿಟ್ಟ. ತೋಪಿನಲ್ಲಿ ಇದರ ಉಪಯೋಗ ಬಹಳ ಸರಳ: ನೆಲದಲ್ಲಿ ನೆರಳುಗಳು ಚೆನ್ನಾಗಿ ಚಾಚಿದ್ದರೆ ನೆಲಕ್ಕೆ ಎರಡು ಪಾಲು, ಮೋಡ ಕಟ್ಟಿದ್ದರೆ ಆಕಾಶಕ್ಕೆ ಎರಡು ಪಾಲು. ಆದರೆ ಎರಡೂ ಕಡೆಗೆ ಸಮನಾಗಿ ತೋಳು ಚಾಚಿದ ಮುದಿಮರವನ್ನು ನಟ್ಟನಡುವೆ ನಿಲ್ಲಿಸುವುದೇ ಸರಿ. ಅದನ್ನು ನಿಯಮಕ್ಕಾಗಿ ಪಕ್ಕಕ್ಕೆ ತಳ್ಳಿದರೆ ಅದರ ಗಾಂಭೀರ್ಯವೇ ಹೋಗುತ್ತದೆ.

ಬಿಳಿ ತೇಪೆಗಳ ಕಾಟಕ್ಕೆ ಪರಿಹಾರ ಸುಲಭ, ಯಾಕೋ ಯಾರೂ ಬೇಗ ಹೇಳಿಕೊಡುವುದಿಲ್ಲ. ಹುಣಸೆಯ ಎಲೆ ಸಣ್ಣದು, ಬೆಳಕು ನೂರಾರು ಕಿಂಡಿಗಳಲ್ಲಿ ತೂರುತ್ತದೆ, ನೋಡುವ ಕಣ್ಣು ಹೊಳೆಯುವ ಕಡೆಗೇ ಓಡುತ್ತದೆ. ಚೌಕಟ್ಟನ್ನು ಕೆಳಗಿಳಿಸಿ ತುದಿಯ ಎಲೆಗಳನ್ನು ಬಿಟ್ಟುಬಿಡಬೇಕು. ಕಾಂಡವೂ ಮೊದಲ ಕವಲೂ ಸಾಕು, ಉಳಿದ ಮರವನ್ನು ನೋಡುವವರು ಮನಸ್ಸಿನಲ್ಲೇ ಬೆಳೆಸಿಕೊಳ್ಳುತ್ತಾರೆ. ಆಕಾಶ ಬೇಕೇಬೇಕೆಂದರೆ ಪರದೆಯ ಮೇಲೆ ಬೆಳಕಿರುವ ಕಡೆ ಬೆರಳಿಟ್ಟು, ಹೊಳಪು ತಗ್ಗಿಸಿ ತೆಗೆಯಬಹುದು.

ಎತ್ತರ ತೋರಿಸಲು ಅಳತೆಯೂ ಬೇಕು. ಒಬ್ಬ ಮನುಷ್ಯ ಬುಡದ ಬಳಿ ಚಿಕ್ಕದಾಗಿ ಕಂಡರೆ ಸಾಕು, ಮರದ ಗಾತ್ರ ಥಟ್ಟನೆ ಅರಿವಾಗುತ್ತದೆ. ಹಾಗೆಂದು ಯಾರನ್ನೂ ಕೊಂಬೆಗೆ ಹತ್ತಿಸಬಾರದು, ಪೊಟರೆಯೊಳಗೆ ಕೂರಿಸಬಾರದು. ಒಳಗೆ ಟೊಳ್ಳಾದ ಮರಗಳಿವು, ಒಂದು ಚಿತ್ರಕ್ಕಾಗಿ ಅವಕ್ಕೆ ಪೆಟ್ಟಾಗುವುದು ಖಂಡಿತ ತಪ್ಪು.

ಹೀಗೆ ನೋಡಿ, ಆಯ್ದು ಹಿಡಿಯುವ ಶಿಸ್ತಿಗೆ ಬೆಂಗಳೂರಿನಲ್ಲಿ ಹಳೆಯ ಪರಂಪರೆಯೇ ಇದೆ. ವನ್ಯಜೀವಿ ಛಾಯಾಗ್ರಾಹಕ ಟಿ.ಎನ್.ಎ. ಪೆರುಮಾಳ್ ಓ.ಸಿ. ಎಡ್ವರ್ಡ್ಸ್ ಅವರ ಮಾರ್ಗದರ್ಶನದಲ್ಲಿ ಪಳಗಿದವರು. ಮುಂದೆ ಅನೇಕರಿಗೆ ತಾವೂ ಕಲಿಸಿದರು, 2017ರಲ್ಲಿ ತೀರಿಕೊಂಡರು. 1971ರಲ್ಲಿ ಶುರುವಾದ ಯೂತ್ ಫೋಟೋಗ್ರಾಫಿಕ್ ಸೊಸೈಟಿಯೂ ಹವ್ಯಾಸಿಗಳಿಗೆ ಆಸರೆಯಾಯಿತು. ಆ ತಲೆಮಾರಿನವರು ಬಳಸುತ್ತಿದ್ದ 120 ಅಳತೆಯ ಫಿಲ್ಮ್ ರೋಲಿನಲ್ಲಿ ಚೌಕಾಕಾರದ ಚಿತ್ರಗಳು ಬರುತ್ತಿದ್ದದ್ದು ಬರೀ 12. ಹದಿಮೂರನೆಯದು ಇಲ್ಲ ಎಂದು ಗೊತ್ತಿದ್ದರೆ ಕೈ ತಾನಾಗಿ ನಿಧಾನವಾಗುತ್ತದೆ. ಇವತ್ತಿನ ಹೊಸಬರೂ ನಲ್ಲೂರಿನಲ್ಲಿ ಒಂದು ಬೆಳಗ್ಗೆಗೆ 12 ಚಿತ್ರ ಎಂದು ಲೆಕ್ಕ ಇಟ್ಟುಕೊಂಡು ನೋಡಬಹುದು.

ಬೆಳಗ್ಗೆ ಹಿಡಿದ ಮರದ ಮುಂದೆ ಸಂಜೆ ಮತ್ತೆ ನಿಲ್ಲುವುದೂ ಒಳ್ಳೆಯದು. ಹೊತ್ತು ಮುಳುಗುತ್ತಿದ್ದಂತೆ ಹುಣಸೆ ತನ್ನ ಎಲೆಗಳನ್ನು ಜೋಡಿ ಜೋಡಿಯಾಗಿ ಮಡಿಚಿಕೊಳ್ಳುತ್ತದೆ. ಬೆಳಗ್ಗೆ ದಟ್ಟವಾಗಿದ್ದ ನೆತ್ತಿ ಆಗ ತೆಳುವಾಗಿ, ಅಡಗಿದ್ದ ಕೊಂಬೆಗಳ ಗೆರೆ ಮಂಕಾಗುವ ಆಕಾಶದ ಮೇಲೆ ಒಂದೊಂದಾಗಿ ಕಾಣತೊಡಗುತ್ತದೆ.