ಗಂಟಲಲ್ಲಿ ಕುಳಿತ ಗೋಲ

ದುಃಖ ಮೇರೆಮೀರಿದಾಗ ಮಾತು ಹೊರಡುವುದಿಲ್ಲ. ‘ಗಂಟಲು ಕಟ್ಟಿತು’, ‘ಕೊರಳ ಸೆರೆ ಬಿಗಿಯಿತು’, ‘ಕಂಠ ಗದ್ಗದವಾಯಿತು’ ಎಂದು ನಮ್ಮ ಜನ ಆಡಿಕೊಂಡು ಬಂದಿರುವ ಮಾತುಗಳಲ್ಲಿ ಅಲಂಕಾರ ಕಡಿಮೆ, ಅನುಭವ ಹೆಚ್ಚು. ಮಗಳನ್ನು ಗಂಡನ ಮನೆಗೆ ಕಳುಹಿಸಿಕೊಡುವ ತಾಯಿಗೆ ಆ ಬಿಗಿತ ಒಂದು ಗಳಿಗೆಯದು. ಕಣ್ಣೀರು ಹರಿದ ಬಳಿಕ ತಾನಾಗಿ ಸಡಿಲುತ್ತದೆ. ಆದರೆ ಅದೇ ಬಿಗಿತ ಅತ್ತರೂ ನಕ್ಕರೂ ಬಿಡದೆ, ತಿಂಗಳುಗಟ್ಟಲೆ ಗಂಟಲಲ್ಲೇ ಬೀಡುಬಿಟ್ಟರೆ?

ಹಾಗೆ ನರಳುವವರ ಸಂಖ್ಯೆ ಸಣ್ಣದೇನಲ್ಲ. ಅಡಕೆಯಷ್ಟು ದಪ್ಪದ ಉಂಡೆಯೊಂದು ಗಂಟಲಮಣಿಯ ಕೆಳಗೆ ಸಿಕ್ಕಿಕೊಂಡಂತಿದೆಯೆಂದೂ, ಬಿಸಿತುಪ್ಪದಂತೆ ಅದನ್ನು ನುಂಗಲೂ ಆಗದು, ಉಗುಳಲೂ ಆಗದು ಎಂದೂ ಅವರು ಹೇಳುತ್ತಾರೆ. ಆರೋಗ್ಯವಂತರೆನಿಸಿಕೊಂಡವರಲ್ಲಿಯೇ ನೂರಕ್ಕೆ ಸುಮಾರು 46 ಮಂದಿಗೆ ಜೀವಮಾನದಲ್ಲಿ ಎಂದಾದರೊಮ್ಮೆ ಈ ಅನುಭವ ಆಗಿರುತ್ತದೆಂದು ಸಮೀಕ್ಷೆಗಳಿಂದ ತಿಳಿದುಬಂದಿದೆ. ನಡುವಯಸ್ಸಿನಲ್ಲಿ ಇದರ ಕಾಟ ಹೆಚ್ಚು.

ಇಂಥ ಉಪದ್ರವ ಹೊಕ್ಕ ಮನೆಯಲ್ಲಿ ಮೊದಲು ಮನೆಮದ್ದುಗಳು ಸಾಲುಗಟ್ಟುತ್ತವೆ. ಮುಳ್ಳು ಸಿಕ್ಕಿರಬಹುದೆಂದು ಬಾಳೆಹಣ್ಣನ್ನೋ ಅನ್ನದ ತುತ್ತನ್ನೋ ಅಗಿಯದೆ ನುಂಗಿಸುತ್ತಾರೆ. ಬಿಸಿನೀರು, ಉಪ್ಪು, ಜೇನು, ಶುಂಠಿ ಎಲ್ಲವೂ ಆಗುತ್ತವೆ. ಯಾವುದೂ ಫಲಿಸದಿದ್ದಾಗ ಉಳಿಯುವುದು ಎರಡು ತೀರ್ಪುಗಳು. ಒಂದು, ಬಾಯಿಬಿಟ್ಟು ಹೇಳಲು ಅಂಜುವ ಕ್ಯಾನ್ಸರ್. ಮತ್ತೊಂದು, ‘ಏನೂ ಇಲ್ಲ, ಎಲ್ಲ ಮನಸ್ಸಿನ ಭ್ರಮೆ.’ ಮೊದಲನೆಯದು ರೋಗಿಯ ನಿದ್ದೆ ಕೆಡಿಸುತ್ತದೆ. ಎರಡನೆಯದು ಮಾನ ಕಳೆಯುತ್ತದೆ. ಬಹುಪಾಲು ಸಂದರ್ಭಗಳಲ್ಲಿ ಎರಡೂ ಸುಳ್ಳು.

ಹಳೆಯ ಅಪವಾದ

ಈ ತೊಂದರೆ ಹೊಸದಲ್ಲ. ಸುಮಾರು ಎರಡೂವರೆ ಸಾವಿರ ವರ್ಷಗಳ ಹಿಂದೆಯೇ ಗ್ರೀಕ್ ವೈದ್ಯ ಹಿಪ್ಪೊಕ್ರೇಟಿಸನು ಇದನ್ನು ಗುರುತಿಸಿದ್ದನು. ಸ್ತ್ರೀಯರ ಗರ್ಭಾಶಯವು ಸ್ಥಾನಬಿಟ್ಟು ದೇಹದೊಳಗೆ ಸಂಚರಿಸುತ್ತದೆ, ಮೇಲೇರಿ ಬಂದು ಉಸಿರು ಕಟ್ಟಿಸುತ್ತದೆ ಎಂಬ ನಂಬಿಕೆ ಪ್ರಾಚೀನ ಗ್ರೀಸಿನಲ್ಲಿತ್ತು. ಗರ್ಭಾಶಯ ಎಂಬರ್ಥದ ಗ್ರೀಕ್ ಪದದಿಂದಲೇ ‘ಹಿಸ್ಟೀರಿಯ’ ಎಂಬ ಮಾತು ಹುಟ್ಟಿತು. 1707ರಲ್ಲಿ ಜಾನ್ ಪರ್ಸೆಲ್ ಎಂಬ ಇಂಗ್ಲಿಷ್ ವೈದ್ಯನು ಈ ಲಕ್ಷಣವನ್ನು ಸ್ಪಷ್ಟವಾಗಿ ವರ್ಣಿಸಿ, ಕತ್ತಿನ ಸ್ನಾಯುಗಳ ಬಿಗಿತವೇ ಇದಕ್ಕೆ ಕಾರಣವೆಂದು ಊಹಿಸಿದನು. ಆದರೂ ‘ಗ್ಲೋಬಸ್ ಹಿಸ್ಟೀರಿಕಸ್’, ಅಂದರೆ ಹಿಸ್ಟೀರಿಯದ ಗೋಲ ಎಂಬ ಹೆಸರೇ ಬಹುಕಾಲ ನಿಂತಿತು. ಗಂಟಲು ಬಿಗಿದ ಹೆಣ್ಣು ಹುಚ್ಚಾಟದವಳೆಂಬ ಅಪವಾದವನ್ನೂ ಹೊರಬೇಕಾಯಿತು.

1968ರಲ್ಲಿ ಮಾಲ್ಕಮ್‌ಸನ್ ಎಂಬ ವೈದ್ಯರು ಇಂಥ ರೋಗಿಗಳಲ್ಲಿ ಹೆಚ್ಚಿನವರಿಗೆ ಹಿಸ್ಟೀರಿಯದ ಸ್ವಭಾವವೇ ಇಲ್ಲವೆಂದು ಕಂಡು, ಆ ವಿಶೇಷಣವನ್ನು ಕಿತ್ತೊಗೆದು ‘ಗ್ಲೋಬಸ್ ಫ್ಯಾರಿಂಜಿಯಸ್’, ಎಂದರೆ ಗಂಟಲಿನ ಗೋಲ ಎಂದು ಮರುನಾಮಕರಣ ಮಾಡಿದರು. ಜನಸಾಮಾನ್ಯರಲ್ಲಿ ಗಂಡಸರಿಗೂ ಹೆಂಗಸರಿಗೂ ಇದು ಹೆಚ್ಚುಕಡಿಮೆ ಸಮಾನವಾಗಿಯೇ ಬರುತ್ತದೆ. ವೈದ್ಯರ ಬಳಿಗೆ ಹೋಗುವವರಲ್ಲಿ ಮಾತ್ರ ಹೆಂಗಸರು ಹೆಚ್ಚು.

ಬಾಗಿಲು ಕಾಯುವ ಸ್ನಾಯು

ಗಂಟಲು ಅನ್ನನಾಳವನ್ನು ಕೂಡುವೆಡೆ, ಧ್ವನಿಪೆಟ್ಟಿಗೆಯ ಹಿಂಬದಿಯಲ್ಲಿ, ಬಳೆಯಂತೆ ಸುತ್ತಿಕೊಂಡ ಸ್ನಾಯುವೊಂದಿದೆ. ಉಸಿರಿನ ಗಾಳಿ ಹೊಟ್ಟೆಗೆ ನುಗ್ಗದಂತೆ ಅದು ಸದಾ ಮುಚ್ಚಿಕೊಂಡೇ ಇದ್ದು, ತುತ್ತು ಬಂದಾಗ ಮಾತ್ರ ಕ್ಷಣಕಾಲ ಬಾಗಿಲು ತೆರೆಯುತ್ತದೆ. ಚಿಂತೆ, ಕೋಪ, ಭಯಗಳು ಮೂಡಿದಾಗ ಈ ಕಾವಲುಗಾರನು ಹಿಡಿತವನ್ನು ಇನ್ನಷ್ಟು ಬಿಗಿಮಾಡುತ್ತಾನೆ. ಹೊಟ್ಟೆಯ ಆಮ್ಲ ಮೇಲಕ್ಕೆ ಚಿಮ್ಮಿದರೂ ಗಂಟಲು ಕೆರಳಬಹುದು, ಬಿಗಿಯಬಹುದು. ಆ ಬಿಗಿತವನ್ನೇ ಮನಸ್ಸು ‘ಉಂಡೆ’ಯೆಂದು ಗ್ರಹಿಸುತ್ತದೆ. ಉಂಡೆಯಿಲ್ಲದಿದ್ದರೂ ಬಿಗಿತ ಸುಳ್ಳಲ್ಲ.

ಇದರ ಮೇಲೆ ರೋಗಿಯು ತಾನೇ ತೊಂದರೆಯನ್ನು ಬೆಳೆಸಿಕೊಳ್ಳುತ್ತಾನೆ. ಉಂಡೆ ಇದೆಯೋ ಹೋಯಿತೋ ಎಂದು ಗಳಿಗೆಗೊಮ್ಮೆ ಉಗುಳು ನುಂಗುತ್ತಾನೆ, ಕೆಮ್ಮಿ ಕ್ಯಾಕರಿಸುತ್ತಾನೆ. ಯಾರೇ ಆಗಲಿ ಬೇರೇನೂ ಕುಡಿಯದೆ ಐದಾರು ಬಾರಿ ಒಂದೇ ಸಮನೆ ನುಂಗಿ ನೋಡಲಿ. ಉಗುಳು ಮುಗಿದು, ಗಂಟಲು ಅಡ್ಡಗಟ್ಟಿದಂತಾಗುತ್ತದೆ. ಆರೋಗ್ಯವಂತನ ಪಾಡೇ ಹೀಗಿರುವಾಗ, ದಿನಕ್ಕೆ ನೂರಾರು ಬಾರಿ ನುಂಗುವವನ ಗತಿಯೇನು? ಭಯದಿಂದ ಬಿಗಿತ, ಬಿಗಿತದಿಂದ ಭಯ. ಗಾಣದೆತ್ತಿನಂತೆ ಈ ಸುತ್ತು ನಿಲ್ಲುವುದೇ ಇಲ್ಲ.

ಊಟವೇ ಒರೆಗಲ್ಲು

ಈ ಗೋಲಕ್ಕೆ ಒಂದು ವಿಚಿತ್ರ ಗುಣವಿದೆ. ಬರಿಯ ಉಗುಳು ನುಂಗುವಾಗ ಅಡ್ಡ ನಿಲ್ಲುವ ಅದು, ಎಲೆಯ ಮುಂದೆ ಕುಳಿತು ರೊಟ್ಟಿಯನ್ನೋ ಅನ್ನವನ್ನೋ ಉಣ್ಣುವಾಗ ಮರೆಯಾಗಿಬಿಡುತ್ತದೆ. ಊಟ ಸಲೀಸಾಗಿ ಇಳಿಯುತ್ತದೆ, ನೋವಿಲ್ಲ, ತೂಕ ಇಳಿದಿಲ್ಲ. ಇವೇ ನಿರಪಾಯದ ಮುಖ್ಯ ಗುರುತುಗಳು. ನಿಜವಾದ ಗಡ್ಡೆಯ ನಡೆ ಇದಕ್ಕೆ ತಿರುಗುಮುರುಗು. ಮೊದಲು ಗಟ್ಟಿ ಆಹಾರ, ಬರಬರುತ್ತ ಮೆತ್ತಗಿನ ಅನ್ನ, ಕಡೆಗೆ ಗಂಜಿಯೂ ಇಳಿಯದಾಗುತ್ತದೆ.

ಆದಕಾರಣ ಕೆಲವು ಲಕ್ಷಣಗಳನ್ನು ಎಂದಿಗೂ ಅಲಕ್ಷಿಸಲಾಗದು: ಆಹಾರ ಸಿಕ್ಕಿಕೊಳ್ಳುವುದು, ನುಂಗುವಾಗ ನೋವು, ಮೂರು ವಾರ ಮೀರಿದ ಗೊಗ್ಗರು ದನಿ, ಉಗುಳಿನಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಕೈಗೆ ಸಿಗುವ ಕತ್ತಿನ ಗಂಟು, ಗಂಟಲಿನ ಒಂದೇ ಪಕ್ಕದಲ್ಲಿ ನಿಂತು ಕಿವಿಗೆ ಹರಿಯುವ ನೋವು. ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಕಿವಿ, ಮೂಗು, ಗಂಟಲಿನ ತಜ್ಞರಿಗೆ ತೋರಿಸಬೇಕು. ಬೀಡಿ ಸಿಗರೇಟು ಸೇದುವವರೂ, ಹೊಗೆಸೊಪ್ಪು ಅಗಿಯುವವರೂ, ಮದ್ಯಪಾನಿಗಳೂ ಇಮ್ಮಡಿ ಎಚ್ಚರದಿಂದಿರಬೇಕು.

ಗುರುತು ನಿರಪಾಯದ್ದೇ ಆದರೂ, ಬಿಡದೆ ಕಾಡುವ ಉಂಡೆಯನ್ನು ಒಮ್ಮೆ ವೈದ್ಯರಿಗೆ ತೋರಿಸುವುದೇ ಲೇಸು. ಅವರು ಕತ್ತನ್ನೂ ಥೈರಾಯ್ಡ್ ಗ್ರಂಥಿಯನ್ನೂ ಮುಟ್ಟಿ ನೋಡುತ್ತಾರೆ. ಬೇಕೆನಿಸಿದರೆ ಮೂಗಿನ ಮೂಲಕ ತೆಳ್ಳನೆಯ ನಳಿಕೆಯನ್ನು ಇಳಿಸಿ ಗಂಟಲನ್ನು ಪರೀಕ್ಷಿಸುತ್ತಾರೆ. ಎಷ್ಟೋ ವೇಳೆ ‘ಗಂಟಲು ಶುದ್ಧವಾಗಿದೆ’ ಎಂಬ ಮಾತೇ ಅರ್ಧ ಔಷಧ.

ಬಿಗಿತ ಸಡಿಲಿಸುವ ಬಗೆ

ಉಳಿದರ್ಧ ರೋಗಿಯ ಕೈಯಲ್ಲಿದೆ. ಗಂಟಲು ಕೆರೆಯಬೇಕೆನಿಸಿದಾಗ ಕ್ಯಾಕರಿಸದೆ ಒಂದು ಗುಟುಕು ನೀರು ಕುಡಿಯಬೇಕು. ರಾತ್ರಿಯೂಟಕ್ಕೂ ನಿದ್ದೆಗೂ ಎರಡು ಮೂರು ಗಂಟೆ ಅಂತರವಿರಬೇಕು. ಬಾಯಿ ಅಗಲಿಸಿ ಆಕಳಿಸುವುದು, ಭುಜಗಳನ್ನು ಸಡಿಲಬಿಟ್ಟು ನಿಧಾನವಾಗಿ ಉಸಿರಾಡುವುದು ಬಿಗಿದ ಸ್ನಾಯುಗಳಿಗೆ ಹಿತ. ಎದೆಯುರಿ, ಹುಳಿತೇಗು ಇರುವವರಿಗೆ ಆಮ್ಲ ತಗ್ಗಿಸುವ ಮಾತ್ರೆಗಳಿಂದ ಗುಣ ಕಾಣಬಹುದು. ಉಳಿದವರು ತಾವೇ ಕೊಂಡು ತಿಂಗಳುಗಟ್ಟಲೆ ನುಂಗುವುದರಲ್ಲಿ ಅರ್ಥವಿಲ್ಲ. ಬಹುದಿನದ ಗಂಟಲ ತೊಂದರೆಯವರ ಮೇಲೆ ಬ್ರಿಟನ್ನಿನಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಅಂಥ ಮಾತ್ರೆಗೂ ಔಷಧವಿಲ್ಲದ ಹುಸಿಮಾತ್ರೆಗೂ ಗುಣದಲ್ಲಿ ವ್ಯತ್ಯಾಸವೇ ಕಾಣಲಿಲ್ಲ.

ಕೆಲವರಲ್ಲಿ ಈ ಗೋಲವು ಹೋದಂತಾಗಿ, ಮನೆಯಲ್ಲಿ ಕಷ್ಟ ಒದಗಿದಾಗ ಹಳೆಯ ನಂಟನಂತೆ ಮತ್ತೆ ಬರುವುದುಂಟು. ಬಂದರೆ ಬರಲಿ; ಅದರ ಗುರುತು ಬಲ್ಲವರಿಗೆ ಹೆದರಿಕೆಯಿಲ್ಲ. ಮನೆಯವರು ಮಾಡಬೇಕಾದದ್ದು ಇಷ್ಟೇ: ‘ನಿನಗೇನೂ ಆಗಿಲ್ಲ’ ಎಂದು ಗದರಿಸದೆ, ‘ನಿನಗೆ ಆಗುತ್ತಿರುವುದು ನಿಜ, ಅದರಿಂದ ಅಪಾಯವಿಲ್ಲ’ ಎಂದು ಧೈರ್ಯ ಹೇಳಬೇಕು. ಆಡಲಾಗದೆ ಗಂಟಲಲ್ಲೇ ಉಳಿದ ಮಾತೊಂದಿದ್ದರೆ, ಅದನ್ನು ಕೇಳಿಸಿಕೊಳ್ಳುವಷ್ಟು ಬಿಡುವು ಮಾಡಿಕೊಳ್ಳಬೇಕು.