ರೀಲು ಉಳಿದರೆ ಸಾಲದು, ಓಡಿಸುವವರೂ ಬೇಕು

ರಾಮನಗರದ ರಾಮದೇವರ ಬೆಟ್ಟವನ್ನು ದೇಶಕ್ಕೆಲ್ಲ ತೋರಿಸಿದ ‘ಶೋಲೆ’ 1975ರ ಆಗಸ್ಟ್ 15ರಂದು ಬಿಡುಗಡೆಯಾದಾಗ ಅದರ ಹೆಗ್ಗಳಿಕೆ 70 ಎಂ.ಎಂ. ತೆರೆ. 35 ಎಂ.ಎಂ.ನಲ್ಲಿ ಚಿತ್ರಿಸಿ ಲಂಡನ್ನಿನಲ್ಲಿ ಹಿಗ್ಗಿಸಿದ ಆ ಪ್ರತಿಗಳಲ್ಲಿ ಒಂದೂ ಉಳಿದಿಲ್ಲ. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಚಿತ್ರವನ್ನು ದುರಸ್ತಿಗೆ ಕೈಗೆತ್ತಿಕೊಂಡಾಗ ಮೂಲ ನೆಗೆಟಿವ್ ವಿನೆಗರ್ ರೋಗ ತಗುಲಿ ಹಾಳಾಗಿತ್ತು. 2025ರ ಜೂನ್‌ನಲ್ಲಿ ಇಟಲಿಯ ಬೊಲೋನ್ಯಾದಲ್ಲಿ ತೆರೆ ಕಂಡದ್ದು 4ಕೆ ಡಿಜಿಟಲ್ ರೂಪ. ಇಷ್ಟು ಹೆಸರಾದ ಚಿತ್ರದ ಗತಿಯೇ ಹೀಗಾದರೆ, ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ದ (1934) ಪ್ರತಿ ಕೈಗೆ ಸಿಗದೆ ಹೋದದ್ದರಲ್ಲಿ ಅಚ್ಚರಿಯೇನಿಲ್ಲ.

ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ 1964ರಿಂದ ರೀಲುಗಳನ್ನು ಕಾಯುತ್ತಿದೆ. ಆದರೆ ಡಬ್ಬಿಯಲ್ಲಿರುವ ರೀಲು ಸಿನಿಮಾ ಅಲ್ಲ. ಎರಡು ಸಾವಿರ ಅಡಿಯ ರೀಲು ಓಡುವುದು ಸುಮಾರು 22 ನಿಮಿಷ. ಅದು ಮುಗಿಯುವ ಮುನ್ನ ತೆರೆಯ ಮೂಲೆಯಲ್ಲಿ ಮಿಂಚುವ ಚುಕ್ಕೆ ನೋಡಿ ಎರಡನೇ ಪ್ರೊಜೆಕ್ಟರಿಗೆ ದಾಟಿಸುವುದು ಆಪರೇಟರನ ಕಸುಬು. ಪ್ರೇಕ್ಷಕನಿಗೆ ಅದು ಗೊತ್ತೇ ಆಗಬಾರದು. ತುಂಡಾದ ಫಿಲ್ಮನ್ನು ಅಂಟಿಸುವುದು, ಹಲ್ಲುಚಕ್ರಕ್ಕೆ ಸಡಿಲವಾಗಿಯೂ ಬಿಗಿಯಾಗಿಯೂ ಅಲ್ಲದಂತೆ ಹೊಂದಿಸುವುದು ಪುಸ್ತಕ ಓದಿ ಬರುವ ವಿದ್ಯೆಯಲ್ಲ. ಹಳೆಯ ಚಿತ್ರಗಳನ್ನೇ ಸರದಿಯಂತೆ ತೋರಿಸುವ ರೆಪರ್ಟರಿ ಚಿತ್ರಮಂದಿರಗಳು ಉಳಿಸಿಕೊಂಡಿರುವುದು ಈ ವಿದ್ಯೆಯನ್ನೂ ಹೌದು. ಲಾಸ್ ಏಂಜಲಿಸ್‌ನ ನ್ಯೂ ಬೆವರ್ಲಿ ಇಂದಿಗೂ ಫಿಲ್ಮಿನಲ್ಲೇ ಚಿತ್ರ ತೋರಿಸುತ್ತದೆ.

ಡಿಜಿಟಲ್ ಅಗ್ಗ, ಗೀರು ಬೀಳದು ಎಂಬ ವಾದ ಸುಳ್ಳಲ್ಲ. ಹೊಸ ಚಿತ್ರಕ್ಕೆ ಅದೇ ಸರಿ. ಆದರೆ ಡಿಜಿಟಲ್ ಕಡತವನ್ನು ಕೆಲವು ವರ್ಷಕ್ಕೊಮ್ಮೆ ಹೊಸ ಮಾಧ್ಯಮಕ್ಕೆ ಸಾಗಿಸುತ್ತಲೇ ಇರಬೇಕು, ತಂಪಾಗಿಟ್ಟ ಫಿಲ್ಮು ನೂರು ವರ್ಷ ತಾಳಬಲ್ಲದು. ಓಡಿಸಿದಷ್ಟೂ ಪ್ರತಿ ಸವೆಯುತ್ತದೆ ಎಂಬುದು ಇದಕ್ಕಿಂತ ಗಟ್ಟಿ ಆಕ್ಷೇಪ. ಹಾಗಾಗಿ ಮೂಲವನ್ನು ಮುಟ್ಟದೆ, ಪ್ರದರ್ಶನಕ್ಕೆಂದೇ ಬೇರೆ ಪ್ರತಿ ತೆಗೆಸಬೇಕು. ಖರ್ಚು ಬರುತ್ತದೆ, ಅದನ್ನು ಮುಚ್ಚಿಡುವುದು ಬೇಡ. ಹಳೆಯ ಚಿತ್ರಕ್ಕೆ ಜನ ಬರುವುದಿಲ್ಲ ಎನ್ನುವವರು ಮತ್ತೆ ಮತ್ತೆ ಮರುಬಿಡುಗಡೆಯಾದ ‘ಓಂ’ ಚಿತ್ರವನ್ನು ನೆನೆಯಲಿ. ರಾಮನಗರಕ್ಕೆ ಇಂಥ ಸಾಹಸ ಹೊಸದೂ ಅಲ್ಲ: ಎಚ್.ಎಲ್. ನಾಗೇಗೌಡರು ಇಲ್ಲಿ ಕಟ್ಟಿದ ಜಾನಪದ ಲೋಕ ವಸ್ತುಗಳನ್ನು ಗಾಜಿನೊಳಗಿಟ್ಟು ಸುಮ್ಮನಾಗಲಿಲ್ಲ, ಕಲಾವಿದರನ್ನು ಕರೆಸಿ ಕುಣಿಸಿತು, ಹಾಡಿಸಿತು. ಅದೇ ಊರಿನಲ್ಲಿ ಎರಡು ಪ್ರೊಜೆಕ್ಟರುಗಳ ಒಂದು ಚಿಕ್ಕ ಚಿತ್ರಮಂದಿರ ದುಬಾರಿ ಕನಸೇನಲ್ಲ. ಚನ್ನಪಟ್ಟಣ, ಕನಕಪುರ, ಮಾಗಡಿಗಳಲ್ಲಿ ರೀಲು ಓಡಿಸಿದ ಹಿರಿಯ ಆಪರೇಟರುಗಳನ್ನು ಈಗಲೇ ಹುಡುಕಿ, ನಾಲ್ಕು ಜನ ಹುಡುಗ ಹುಡುಗಿಯರನ್ನು ಅವರ ಬಳಿ ಕಲಿಯಲು ಕೂರಿಸಿ.